ಬಿಚ್ಚಲಾಗದ ಲ್ಯಾಪ್‌ಟಾಪ್

ನಮ್ಮ ಬೀದಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಸ್ಕ್ರೂ ಮಾಮ ಎಂದೇ ಹೆಸರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಡುತ್ತಾರೆ. ಪಕ್ಕದಲ್ಲಿ ಯಾರಾದರೂ ಸೀನಿದರೆ ರೇಗುತ್ತಾರೆ. ತಲೆಯದೇ ಒಂದು ಸ್ಕ್ರೂ ಸಡಿಲ ಎಂದು ನಾನೇ ಎಷ್ಟೋ ಸಲ ಆಡಿಕೊಂಡಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟವರಂತೆ ಇದ್ದಾರೆ. ಪಕ್ಕದ ಜೆರಾಕ್ಸ್ ಅಂಗಡಿಯ ನನ್ನ ಹತ್ತಿರವೂ ‘ಚಿಲ್ಲರೆ ಇದೆಯಾ’ ಎನ್ನುವಷ್ಟೇ ಬಳಕೆ.

ಎಂಜಿನಿಯರ್ ಮೇಡಂ ಬಂದ ದಿನ ಮಾತ್ರ ಮನುಷ್ಯ ಬೇರೆಯೇ. ಕಟ್ಟಡಗಳ ನಕ್ಷೆ ಮಾಡುವ ಆಕೆಯದು ಇಟ್ಟಿಗೆಯಂಥ ದಪ್ಪ ಲ್ಯಾಪ್‌ಟಾಪ್. ಸೈಟಿನ ಧೂಳೆಲ್ಲ ಫ್ಯಾನಿನೊಳಗೆ ಕೂತು, ಕಾದು ನಿಂತುಬಿಡುತ್ತಿತ್ತು. ಮಾಮ ಅದನ್ನು ಬಿಚ್ಚಿ ಧೂಳು ತೆಗೆದು, ಮತ್ತೆ ಮುಚ್ಚಿ, ದೊಡ್ಡ ನಕ್ಷೆಯೊಂದನ್ನು ಓಡಲು ಬಿಟ್ಟು ತಳಕ್ಕೆ ಅಂಗೈ ಒಡ್ಡಿ ಬಿಸಿ ನೋಡುತ್ತಿದ್ದರು. ಅದಕ್ಕೆ ಐದ್ಹತ್ತು ನಿಮಿಷ ಸಾಕು. ಅವರು ಗಂಟೆಗಟ್ಟಲೆ ನೋಡುತ್ತಿದ್ದರು. ಅಲ್ಲಿಯವರೆಗೆ ಚಹಾ, ಆಕೆಯ ಅತ್ತೆಯ ಹಟದಿಂದ ಹಿಡಿದು ಊರ ಉಸಾಬರಿಯೆಲ್ಲ. ಮಾಮ ನಗುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

ಈ ಸಲ ಆಕೆ ಭುಜ ಹಿಡಿದುಕೊಂಡೇ ಬಂದರು.

“ಹೊಸದು ತಗೋಬೇಕು ಮಾಮ. ಇದನ್ನ ಹೊತ್ಕೊಂಡು ಮೆಟ್ಟಿಲು ಹತ್ತಿ ಹತ್ತಿ ಭುಜ ಬಿದ್ದೋಗಿದೆ. ದಪ್ಪಂದೇ ತಗೊಳ್ಳಲಾ, ತೆಳ್ಳಂದಾ? ನೀವು ಹೇಳಿದ್ದೇ ಫೈನಲ್.”

ನಾನು ಮೆಷಿನ್ ನಿಲ್ಲಿಸಿ ಕಿವಿಗೊಟ್ಟೆ. ದಪ್ಪದ್ದು ಎಂದುಬಿಟ್ಟರೆ ಮುಗಿಯಿತು, ಆಕೆ ಬರುತ್ತಲೇ ಇರುತ್ತಾರೆ. ಸುಳ್ಳೂ ಅಲ್ಲ, ತಣ್ಣಗಿರುತ್ತದೆ, ಕೆಟ್ಟರೆ ಬಿಚ್ಚಬಹುದು.

ಮಾಮ ಆಕೆಯ ಚೀಲವನ್ನೊಮ್ಮೆ ಎತ್ತಿ ನೋಡಿ ಕೆಳಗಿಟ್ಟರು.

“ತೆಳ್ಳಂದೇ ತಗೊಳ್ಳಮ್ಮ. ಬೇಗ ಬಿಸಿ ಆಗುತ್ತೆ, ಆಗ ನಿಧಾನ ಆಗುತ್ತೆ. ದೊಡ್ಡ ನಕ್ಷೆ ಇದ್ರೆ ಆಫೀಸಿನ ಕಂಪ್ಯೂಟರಲ್ಲಿ ಮಾಡ್ಕೋ.”

“ಕೆಟ್ರೆ?”

“ಮೆಮೊರಿ ಬೋರ್ಡಿಗೇ ಬೆಸೆದಿರ್ತಾರೆ, ಬ್ಯಾಟರಿ ಅಂಟಿಸಿರ್ತಾರೆ. ನನ್ನ ಕೈಲಾಗಲ್ಲ. ಕಂಪನಿಯವರ ಹತ್ರಾನೇ ಹೋಗ್ಬೇಕು.”

“ಹಾಗಾದ್ರೆ ನನ್ನ ಕಾಟ ತಪ್ಪಿತು ನಿಮಗೆ!” ಎಂದು ಆಕೆ ನಕ್ಕರು. ಮಾಮನೂ ನಕ್ಕರು.

ಆಕೆ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. “ದಪ್ಪಂದು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ನೋವು ಆಕೇದಲ್ವೇನೋ,” ಎಂದು ಅವರು ಒಳಗೆ ಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೊನ್ನೆ ಆಕೆ ನಮ್ಮ ಬೀದಿಯಲ್ಲೇ ಹಾದುಹೋದರು, ಕಂಕುಳಲ್ಲಿ ಫೈಲಿನಷ್ಟು ತೆಳ್ಳನೆಯ ಲ್ಯಾಪ್‌ಟಾಪ್. ಏನೋ ಅವಸರವಿತ್ತು. “ಭುಜ ನೋವೇ ಇಲ್ಲ ಮಾಮ!” ಎಂದು ಹೊರಗಿನಿಂದಲೇ ಕೂಗಿದರು. ಮಾಮ ಕೈಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡಿಬರುವಷ್ಟರಲ್ಲಿ ಆಕೆ ತಿರುವು ದಾಟಿಬಿಟ್ಟಿದ್ದರು.

“ಒಳ್ಳೇದಾಯ್ತಮ್ಮ,” ಎಂದರು ಮಾಮ. ಕೇಳಿಸಿಕೊಳ್ಳಲು ಇದ್ದವನು ನಾನೊಬ್ಬನೇ.