ಆವುಲಪ್ಪ ಕಾಣದ ಇಟಲಿ

ರಸ್ತೆ ಓವರ್ಸಿಯರ್ ಆಗಿದ್ದು ನಿವೃತ್ತರಾದ ಶ್ಯಾಮಣ್ಣನವರು ಹೊಸೂರಿನ ತಮ್ಮ ಮನೆಯ ನಡುಮನೆಯಲ್ಲಿ ಇಟಲಿ ದೇಶದ ನಕ್ಷೆ ಹಾಸಿದ್ದರು. ಅದು ಸುರುಳಿ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಪಾವು, ಒಂದಕ್ಕೆ ಅಡಕೊತ್ತು, ಮಿಕ್ಕೆರಡಕ್ಕೆ ಹಿತ್ತಾಳೆ ಚೊಂಬುಗಳು. ಎದುರಿಗೆ ಗೋಡೆಗೊರಗಿ, ಮೊಣಕಾಲು ಮಡಚಿಕೊಂಡು ಆವುಲಪ್ಪ ಕೂತಿದ್ದ. ಅಕ್ಕಿ ಗಿರಣಿಯ ಲಾರಿ ಓಡಿಸುವ ಅವನನ್ನು ಆ ಮನೆಯವರು ಕರೆಸಿದ್ದು ಅದೇ ಮೊದಲು.

"ಇಲ್ಲಿ ನೋಡಯ್ಯಾ, ನೇಪಲ್ಸ್. ಹಡಗು ಇಳಿಯೋದು ಇಲ್ಲಿ. ಇಲ್ಲೇ ಒಂದು ಕಾರು ಬಾಡಿಗೆಗೆ ತಗೊಳ್ಳೋದು. ದೊಡ್ಡ ಪಟ್ಟಣಗಳು ನಮಗೆ ಬೇಡ. ಹಳ್ಳಿ ದಾರಿ ಹಿಡಿದು, ಸಣ್ಣ ಸಣ್ಣ ಊರುಗಳಲ್ಲಿ ತಂಗಿಕೊಂಡು, ಅರೆಝೋ ತನಕ ಹೋಗೋದು. ಅಲ್ಲಿ ಬಲಗಡೆ ಓಡಿಸ್ತಾರಂತಲ್ಲ, ನಿನಗೆ ರೂಢಿ ಇರಬೇಕು?"

"ಅದೆ ಸ್ವಾಮಿ" ಎಂದ ಆವುಲಪ್ಪ. ಬಲಗಡೆಯ ವಿಷಯ ಅವನ ಕಿವಿಗೆ ಬಿದ್ದದ್ದು ಆಗಲೇ ಮೊದಲ ಸಲ.

ಶ್ಯಾಮಣ್ಣನವರ ಒಬ್ಬನೇ ಮಗ ಚೆನ್ನಕೇಶವ ಯುದ್ಧದ ಕಾಲಕ್ಕೆ ಪಟ್ಟಾಳ ಸೇರಿ, ಸೈನ್ಯದ ಡಾಕ್ಟರಾಗಿ ಇಟಲಿಗೆ ಹೋಗಿದ್ದ. ಅಲ್ಲಿನ ಬೆಟ್ಟದೂರುಗಳು ನಮ್ಮ ತಳಿ, ಜವಳಗಿರಿ ಕಡೆಯ ಗುಡ್ಡಗಳ ಹಾಗೇ ಇವೆ, ಯುದ್ಧ ಮುಗಿದ ಮೇಲೆ ಒಂದು ಕಾರು ಮಾಡಿಕೊಂಡು ಅಪ್ಪ ಅಮ್ಮನನ್ನು ಊರೂರು ತಿರುಗಿಸುತ್ತೇನೆ ಎಂದು ಬರೆಯುತ್ತಿದ್ದ. ಯುದ್ಧ ಮುಗಿಯುವ ಮೊದಲೇ ಅವನ ಜೀಪು ಬೆಟ್ಟದ ತಿರುವಿನಲ್ಲಿ ಉರುಳಿತು. ಅರೆಝೋ ಊರಿನ ಹತ್ತಿರ ಒಂದು ಕಲ್ಲಿನ ಮೇಲೆ ಅವನ ಹೆಸರು ಕೆತ್ತಿದ್ದಾರೆಂದು ಸರ್ಕಾರದವರು ತಿಳಿಸಿದ್ದರು. ಮೂರು ವರ್ಷ ಸುಮ್ಮನಿದ್ದ ತಾಯಿ ಆದಿಲಕ್ಷ್ಮಮ್ಮ ಒಂದು ದಿನ ಊಟಕ್ಕೆ ಬಡಿಸುತ್ತಾ, "ಅವನು ತೋರಿಸ್ತೀನಿ ಅಂದ ಊರುಗಳನ್ನ ನಾವೇ ಹೋಗಿ ನೋಡೋಣ" ಎಂದರು. ಶ್ಯಾಮಣ್ಣನವರು ಮರುದಿನವೇ ನಕ್ಷೆ ತರಿಸಿದರು. ಪಕ್ಕದ ಮತ್ತಿಗಿರಿಯಲ್ಲಿ ಇಟಲಿ ಕಂಡು ಬಂದವನೊಬ್ಬ ಇದ್ದಾನೆ, ಲಾರಿ ಬೇರೆ ಓಡಿಸುತ್ತಾನೆ ಎಂದು ಯಾರೋ ಹೇಳಿದರು. ಕಾರು ಓಡಿಸಲು ಅವನನ್ನೇ ಜೊತೆಗೆ ಒಯ್ಯುವುದೆಂದು ಕರೆಸಿದ್ದರು.

ಆವುಲಪ್ಪ ಇಟಲಿ ಕಂಡಿರಲಿಲ್ಲ. ಸಮುದ್ರವನ್ನೇ ಕಂಡಿರಲಿಲ್ಲ.

ಜವಳಗಿರಿಯ ಪಕ್ಕದ ಹಳ್ಳಿಯಿಂದ ಅವನು ಪಟ್ಟಾಳಕ್ಕೆ ಸೇರಿದಾಗ ಊರೇ ಕೂಡಿ ಕಳಿಸಿತ್ತು. ಹೆಂಡತಿ ಪಿಳ್ಳಮ್ಮ ಆರತಿ ಎತ್ತಿದ್ದಳು. ಅಪ್ಪ ಅವನ ಭುಜ ಹಿಡಿದುಕೊಂಡು ನಿಂತಿದ್ದ. ಜೊತೆಗೆ ಹೊರಟ ಇಬ್ಬರನ್ನು ಬರ್ಮಾ ಕಡೆಗೆ ಕಳಿಸಿದರು. ಆವುಲಪ್ಪನನ್ನು ಹಾಕಿದ್ದು ಬೆಂಗಳೂರಿನ ಹತ್ತಿರ, ಇಟಲಿಯ ಸೆರೆಯಾಳುಗಳನ್ನು ಇಟ್ಟಿದ್ದ ಶಿಬಿರದ ಉಗ್ರಾಣಕ್ಕೆ. ಆಲೂಗಡ್ಡೆ ಮೂಟೆ ಹೊರುವುದು, ಕೊಳೆತ ಈರುಳ್ಳಿ ಆರಿಸುವುದು, ಆಮೇಲಾಮೇಲೆ ರೇಷನ್ನಿನ ಲಾರಿ ಓಡಿಸುವುದು. ಊರಿಂದ ಒಂದು ಹಗಲಿನ ದಾರಿ. ಹಾರ ಹಾಕಿಸಿಕೊಂಡು, ಹೆಂಗಸರನ್ನೆಲ್ಲ ಅಳಿಸಿ ಹೊರಟವನು ಬೆಂಗಳೂರಲ್ಲಿ ಈರುಳ್ಳಿ ಆರಿಸುತ್ತಿದ್ದೇನೆ ಅಂತ ಯಾವ ಮುಖ ಹೊತ್ತು ಹೇಳುವುದು? ಅವನು ರಜೆಗೆ ಊರಿಗೆ ಹೋಗಲೇ ಇಲ್ಲ. ಕಾಗದ ಬರೆಸಿದಾಗಲೆಲ್ಲ ದೂರದೇಶದಲ್ಲಿದ್ದೇನೆ ಎಂದಷ್ಟೇ ಬರೆಸಿದ. ಪಟ್ಟಾಳದ ವಿಳಾಸದಲ್ಲಿ ಊರಿನ ಹೆಸರು ಇರುತ್ತಿರಲಿಲ್ಲ.

ಎರಡನೆಯ ವರ್ಷ ಅಪ್ಪ ತೀರಿಕೊಂಡ. ಸುದ್ದಿ ಬಂದಾಗ ಇನ್ನೂ ತಿಥಿ ಆಗಿರಲಿಲ್ಲ, ಹೊರಟಿದ್ದರೆ ಸೇರಬಹುದಿತ್ತು. ಸುಬೇದಾರನೇ ಕರೆದು ರಜೆ ಕೊಡುತ್ತೇನೆ ಎಂದ. ಆವುಲಪ್ಪ ತಲೆ ಬಗ್ಗಿಸಿ, "ಬ್ಯಾಡಿ ಸಾಬ್, ತಮ್ಮ ಅವ್ನೆ, ಮಾಡ್ತಾನೆ" ಎಂದು ಉಗ್ರಾಣದ ಮೂಟೆಗಳ ಹಿಂದೆ ಹೋಗಿ ಕೂತ.

ಅಲ್ಲಿ ಅವನನ್ನು ಕಂಡು ಪಕ್ಕದಲ್ಲಿ ಬಂದು ಕೂತವನು ಪಿಯೆತ್ರೋ ಎಂಬ ಸೆರೆಯಾಳು. ತನ್ನವರ ಅಡುಗೆಗೆ ರೇಷನ್ ಒಯ್ಯಲು ದಿನಾ ಬರುತ್ತಿದ್ದ ಅವನು ಅಷ್ಟಿಷ್ಟು ಹಿಂದೂಸ್ತಾನಿ ಕಲಿತಿದ್ದ. ಆವತ್ತಿನಿಂದ ಅವನು ತನ್ನ ಹಳ್ಳಿಯ ಕತೆ ಹೇಳಲು ಶುರುಮಾಡಿದ. ಕಲ್ಲು ಚಪ್ಪಡಿ ಹೊದಿಸಿದ ಮನೆಗಳು, ಚಳಿ ಬಿದ್ದಾಗ ಬೀದಿಯಲ್ಲಿ ಕೆಂಡದ ಮೇಲೆ ಸುಡುವ ಮುಳ್ಳುಸಿಪ್ಪೆಯ ಕಾಯಿ, ಊರ ನಡುವಿನ ನೀರಿನ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಾ ಜಗಳವಾಡುವ ಹೆಂಗಸರು. ಯುದ್ಧ ಮುಗಿದು ಆವುಲಪ್ಪ ಊರಿಗೆ ಬಂದಾಗ, ಬರ್ಮಾಕ್ಕೆ ಹೋದವರಲ್ಲಿ ಒಬ್ಬ ವಾಪಸು ಬಂದಿರಲಿಲ್ಲ. ಆ ಬಾರದವನ ತಾಯಿಯ ಎದುರಿಗೇ ಯಾರೋ "ನೀನು ಯಾವ ದೇಸದಾಗಿದ್ದೆ?" ಎಂದು ಕೇಳಿದರು. "ಇಟಲಿ" ಎಂದುಬಿಟ್ಟ. ಆಮೇಲೆ ಗಿರಣಿ ಕೆಲಸಕ್ಕೆಂದು ಮತ್ತಿಗಿರಿಗೆ ಬಂದು ನೆಲೆಸಿದಾಗಲೂ ಕೇಳಿದವರಿಗೆಲ್ಲ ಪಿಯೆತ್ರೋನ ಕತೆಗಳನ್ನೇ ತನ್ನವೆಂದು ಹೇಳಿದ.

ಈಗ ಅವನ್ನೇ ಶ್ಯಾಮಣ್ಣನವರಿಗೂ ಹೇಳತೊಡಗಿದ. ಭಾನುವಾರ ಬಂತೆಂದರೆ ಕರೆ ಬರುತ್ತಿತ್ತು. ಆದಿಲಕ್ಷ್ಮಮ್ಮ ಹಡಗಿನಲ್ಲಿ ಒಯ್ಯಲು ಚಟ್ನಿಪುಡಿ ಕುಟ್ಟಿಸುತ್ತಾ, ಹಪ್ಪಳ ಒಣಹಾಕುತ್ತಾ ಕಿವಿಗೊಡುತ್ತಿದ್ದರು. ಅಲ್ಲಿನ ಚಳಿಗೆಂದು ಕ್ಯಾನ್ವಾಸ್ ಬೂಟು ತರಿಸಿ, ಸೀರೆ ಸ್ವಲ್ಪ ಎತ್ತಿ ಕಟ್ಟಿಕೊಂಡು ಹಿತ್ತಲಲ್ಲಿ ನಡೆದು ನೋಡುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿ ವರ್ಷಗಳಾಗಿದ್ದವು ಎಂದು ಕೆಲಸದವಳು ಆವುಲಪ್ಪನಿಗೆ ಹೇಳಿದಳು. ಅದನ್ನು ಕೇಳಿ ಅವನಿಗೆ ಹೆಮ್ಮೆಯೇ ಆಯಿತು. ಆಮೇಲೆ ಅದನ್ನು ನೆನೆದಾಗಲೆಲ್ಲ ಆ ಹೆಮ್ಮೆಯೇ ಅವನನ್ನು ಚುಚ್ಚುತ್ತಿತ್ತು.

ಒಂದು ಭಾನುವಾರ ಶ್ಯಾಮಣ್ಣನವರು ಅಂಚೆಕಚೇರಿಗೆ ಹೋಗಿದ್ದರು. ಆದಿಲಕ್ಷ್ಮಮ್ಮ ಕಾಫಿ ತಂದಿಟ್ಟು ಅಲ್ಲೇ ಕೂತರು.

"ಏನಪ್ಪಾ ಆವುಲಪ್ಪ, ಅಷ್ಟೊಂದು ಊರು ತಿರುಗಿದ್ದೀಯ. ನಮ್ಮ ಕೇಶವನ್ನ ಎಲ್ಲಾದ್ರೂ ಕಂಡಿದ್ಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆಕೆಯ ಮುಖ ನೋಡಿ ಅವನ ಬಾಯಿಗೆ ಇಲ್ಲ ಎಂಬ ಮಾತು ಬರಲಿಲ್ಲ.

"ಕಂಡಿದ್ದೆ ತಾಯಿ. ಒಂದ್ಸಲ ಕಾಲಿಗೆ ಏಟಾಗಿತ್ತು, ಅವ್ರೇ ಕಟ್ಟು ಕಟ್ಟಿದ್ರು. ನಮ್ ಹೊಸೂರ್ನೋರೇ ಅಂತ ಗೊತ್ತಾಗಿ ಬೋ ಸಂತೋಸಪಟ್ರು."

"ಏನಂದ?"

"ಅಮ್ಮನ ಕೈ ಸಾರು ತಿಂದು ಎಷ್ಟು ದಿನ ಆಯ್ತೋ ಅಂದ್ರು."

ಆದಿಲಕ್ಷ್ಮಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಹೊರಟಾಗ ಅವನ ಕೈಗೆ ಒಂದು ಡಬ್ಬಿ ತುಂಬ ಸಾರಿನ ಪುಡಿ ಕೊಟ್ಟರು.

ಆ ಡಬ್ಬಿ ಹಿಡಿದು ಮತ್ತಿಗಿರಿಗೆ ನಡೆಯುವಾಗ ಅವನಿಗೆ ದಾರಿಯೇ ಸಾಗಲಿಲ್ಲ. ಮನೆಯಲ್ಲಿ ಪಿಳ್ಳಮ್ಮ ಮುದ್ದೆ ಇಟ್ಟಳು. ಅವನು ಮುರಿಯಲಿಲ್ಲ.

"ಯಾಕೆ, ಉಣ್ಣಲ್ವಾ? ಮೈಯಾಗೆ ಸರಿ ಇಲ್ವಾ?"

ಅವನು ಎಲ್ಲವನ್ನೂ ಹೇಳಿದ. ಶಿಬಿರ, ಈರುಳ್ಳಿ, ಪಿಯೆತ್ರೋ, ಆ ತಾಯಿಗೆ ಹೇಳಿದ ಮಾತು. ಪಿಳ್ಳಮ್ಮ ಒಲೆಯ ಉರಿ ತಗ್ಗಿಸಿದಳು. ಕೊನೆಗೆ ಕೇಳಿದ್ದು ಒಂದೇ.

"ಮಾವ ಸತ್ತಾಗ ನೀನು ಬೆಂಗ್ಳೂರಾಗಿದ್ಯಾ?"

"ಹೂಂ."

ಅವಳು ಅವನ ಮುಂದಿನ ಗಂಗಾಳ ಎತ್ತಿಕೊಂಡು ಒಳಗೆ ಹೋದಳು.

ಬೆಳಗಾದ ಮೇಲೆ ಅವನು ಗಿರಣಿಗೆ ಹೋಗದೆ ನೇರವಾಗಿ ಶ್ಯಾಮಣ್ಣನವರ ಮನೆಗೆ ಬಂದು ಅಂಗಳದಲ್ಲೇ ನಿಂತ. ಅವರು ನಕ್ಷೆಯ ಮೇಲೆ ಬಾಗಿದ್ದವರು ತಲೆಯೆತ್ತಿ, "ಬಾ ಬಾ, ಒಳ್ಳೇ ಹೊತ್ತಿಗೆ ಬಂದೆ, ಇಲ್ಲೊಂದು ಘಾಟಿದೆ ನೋಡು" ಎಂದರು.

"ಸ್ವಾಮಿ, ನಾನು ಆ ದೇಸ ಕಂಡೋನಲ್ಲ. ಬೆಂಗ್ಳೂರು ದಾಟಿ ಎಲ್ಲೂ ಹೋಗಿಲ್ಲ."

ಶ್ಯಾಮಣ್ಣನವರು ತಮಾಷೆಯೆಂದುಕೊಂಡು ನಕ್ಕರು. ಆಮೇಲೆ ಅವನ ಮುಖ ನೋಡಿದರು. "ಮತ್ತೆ ಇಷ್ಟು ದಿನ ಹೇಳಿದ್ದು?"

"ಒಬ್ಬ ಸೆರೆಯಾಳು ನಂಗೆ ಹೇಳಿದ್ದು ಸ್ವಾಮಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ನಕ್ಷೆಯ ಮೇಲಿನ ಚೊಂಬು ತೆಗೆದರು, ಕಾಗದ ತಾನಾಗಿ ಸುತ್ತಿಕೊಂಡಿತು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ಬಾಗಿಲಿಗೆ ಬಂದಿದ್ದರು.

"ನಮ್ಮ ಕೇಶವನ್ನ ಕಂಡೆ ಅಂದ್ಯಲ್ಲಪ್ಪ, ಅದು?"

"ಇಲ್ಲ ತಾಯಿ."

"ಸಾರು ಕೇಳಿದ ಅಂದದ್ದು?"

"ನಾನೇ ಕಟ್ಟಿ ಹೇಳಿದ್ದು."

ಆಕೆ ಬಾಗಿಲವಾಡ ಹಿಡಿದು ನಿಂತರು. "ಅವನು ಸಾರು ಮುಟ್ಟುತ್ತಿರಲಿಲ್ಲ. ಚಿಕ್ಕಂದಿನಿಂದ ಮೊಸರನ್ನ ಒಂದೇ. ನೀನು ಹೇಳಿದಾಗ, ದೂರ ಹೋದ ಮೇಲೆ ನಾಲಿಗೆ ಬದಲಾಯಿಸಿರಬೇಕು ಅಂದ್ಕೊಂಡೆ. ರಾತ್ರಿಯೆಲ್ಲ ಅದನ್ನೇ ನೆನೆಸಿಕೊಂಡಿದ್ದೆ."

ಆವುಲಪ್ಪ ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟ. "ಎದ್ದು ಹೋಗಯ್ಯ" ಎಂದರು ಶ್ಯಾಮಣ್ಣನವರು, ಮೆಲ್ಲಗೆ.

ಗಂಡ ಹೆಂಡತಿ ಇಟಲಿಗೆ ಹೋಗುವುದೇನೂ ನಿಲ್ಲಲಿಲ್ಲ. ಅಲ್ಲಿಯವನೇ ಒಬ್ಬ ಚಾಲಕನಿರುವ ಕಾರನ್ನು ಗೊತ್ತುಮಾಡಿಕೊಂಡು ಬೇಸಿಗೆಯಲ್ಲಿ ಹೊರಟರು. ಅವರು ಹೊರಡುವ ತನಕ ಆವುಲಪ್ಪ ಅವರ ಬೀದಿಗೆ ಲಾರಿ ತರದೆ, ಸುತ್ತು ಬಳಸಿ ಹೋಗುತ್ತಿದ್ದ. ಅವರು ಹಿಂತಿರುಗಿ ಬಂದ ಮೇಲೆ, ದೀಪಾವಳಿ ಕಳೆದು, ಆದಿಲಕ್ಷ್ಮಮ್ಮ ಹೇಳಿಕಳಿಸಿದರು. ಅವನು ಕಾಲೆಳೆದುಕೊಂಡು ಹೋದ.

ಆಕೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಬಾಂಬು ಬಿದ್ದು ಗೋಡೆ ಮಾತ್ರ ಉಳಿದ ಮನೆಗಳಲ್ಲಿ ಜನ ತಗಡು ಹೊದಿಸಿಕೊಂಡು ಇದ್ದದ್ದು. ಒಂದೂರಿನಲ್ಲಿ ಕಾರು ಕೆಟ್ಟಾಗ ಒಬ್ಬ ಮುದುಕಿ ಕರೆದು ಬಿಸಿ ಹಾಲು ಕೊಟ್ಟದ್ದು. ಕಲ್ಲಿನ ಮೇಲೆ ಮಗನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದ್ದದ್ದು, ಆದರೂ ಅದನ್ನು ಕೈಯಿಂದ ಸವರಿದ್ದು. ಬಿದ್ದ ಮನೆಗಳ ಸಂಗತಿ ಆವುಲಪ್ಪನ ಕತೆಗಳಲ್ಲಿ ಇರಲೇ ಇಲ್ಲ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

"ನಿನಗೆ ಕತೆ ಹೇಳಿದವನು, ಅವನು ಊರು ಸೇರಿದನಾ?"

"ಗೊತ್ತಿಲ್ಲ ತಾಯಿ."

"ಅವನ ಊರು ಯಾವುದು?"

ಆವುಲಪ್ಪನಿಗೆ ಆ ಊರಿನ ತೊಟ್ಟಿ ಗೊತ್ತು, ಚಪ್ಪಡಿ ಗೊತ್ತು. ಅದರ ಹೆಸರನ್ನು ಅವನು ಒಂದು ದಿನವೂ ಕೇಳಿರಲಿಲ್ಲ.

"ಗೊತ್ತಿದ್ದರೆ ಹೋಗಿ ಬರುತ್ತಿದ್ದೆವು" ಎಂದರು ಆದಿಲಕ್ಷ್ಮಮ್ಮ. "ಅವನಿಗೂ ತಾಯಿ ಇರುತ್ತಾಳಲ್ಲ. ಎಷ್ಟು ವರ್ಷ ಎಲ್ಲಿದ್ದ, ಏನು ತಿಂದ ಅಂತ ಅವಳಿಗೆ ಹೇಳಬಹುದಿತ್ತು."

ಆ ವಾರವೇ ಆವುಲಪ್ಪ ಜವಳಗಿರಿಯ ಪಕ್ಕದ ತನ್ನ ಊರಿಗೆ ಹೋದ. ತಮ್ಮ ಪಾಪಣ್ಣ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದ. ಬದುವಿನ ಮೇಲೆ ನಿಂತೇ ಅವನಿಗೂ ನಿಜ ಹೇಳಿದ. ಪಾಪಣ್ಣ ಕುಡುಗೋಲು ಕೆಳಗಿಟ್ಟು ಕೇಳಿಸಿಕೊಂಡ.

"ಅಪ್ಪ ಕೊನೇಲಿ ನಿನ್ನೇ ಕೇಳ್ತಿದ್ದ ಕಣಣ್ಣ. ಸಮುದ್ರದಾಚೆ ಅವ್ನೆ, ಬರಕ್ಕಾಗಕ್ಕಿಲ್ಲ, ಸುಮ್ಕಿರು ಅಂದೆ." ಕೈಯ ಧೂಳು ಒರೆಸಿಕೊಂಡು ಹೇಳಿದ: "ಸಾಯೋ ಮನ್ಸಂಗೆ ನಾನು ಸುಳ್ಳು ಹೇಳಿದಂಗಾಯ್ತಲ್ಲ."

ಪಾಪಣ್ಣ ಮತ್ತೆ ಬಗ್ಗಿ ಕೊಯ್ಯಲು ತೊಡಗಿದ. ಆವುಲಪ್ಪ ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಇನ್ನೊಂದು ಕುಡುಗೋಲು ತೆಗೆದುಕೊಂಡು ಪಕ್ಕದ ಸಾಲಿಗೆ ಇಳಿದ. ಬಾ ಎಂದು ತಮ್ಮ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಿಸಿಲು ಇಳಿಯುವ ತನಕ ಇಬ್ಬರೂ ಕೊಯ್ದರು.