ಮದ್ದೂರಿನಲ್ಲಿ ಮೂರು ಸಲ ಸೊನ್ನೆ

ಒಂದೇ ಸಲ ಕಂಡದ್ದು ಕಂಡದ್ದೇ ಅಲ್ಲ ಎಂದು ವಾದಿಸುತ್ತಿದ್ದವಳು ನಾನು. ತೀರಿಹೋದ ತಾತ ಒಂದು ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಕೂತಿದ್ದುದನ್ನು ಕಂಡೆ ಎಂದು ಬೆಸಗರಹಳ್ಳಿಯ ನಮ್ಮಜ್ಜಿ ಹೇಳಿದಾಗಲೆಲ್ಲ, "ಇನ್ನೊಂದ್ ಸಲ ತೋರ್ಸಜ್ಜಿ, ನಂಬ್ತೀನಿ" ಎಂದು ನಗುತ್ತಿದ್ದೆ. ಭೌತಶಾಸ್ತ್ರ ಓದಿದ ಕೊಬ್ಬು, ಇನ್ನೇನು!

ನನ್ನ ಪಿಎಚ್‌ಡಿ ಕೆಲಸ ಆಕ್ಸೈಡುಗಳ ತೆಳುಪದರಗಳ ಮೇಲೆ. ಕೂದಲಿಗಿಂತ ಸಾವಿರಾರು ಪಾಲು ತೆಳ್ಳಗಿನ ಎರಡು ಪದರ, ಒಂದರ ಮೇಲೊಂದು. ಕೆಳಗಿನದು ಅತಿವಾಹಕ; ಸಾಕಷ್ಟು ತಣ್ಣಗಾದರೆ ಕರೆಂಟಿಗೆ ಒಂದಿಷ್ಟೂ ತಡೆ ಒಡ್ಡುವುದಿಲ್ಲ, ಮೀಟರು ಸೊನ್ನೆ ತೋರಿಸುತ್ತದೆ. ಮೇಲಿನದು ಕಾಂತ. ಎರಡಕ್ಕೂ ಸವತಿಯರ ಸಂಬಂಧ, ಕಾಂತ ಮೈಗೆ ತಾಗಿದರೆ ಅತಿವಾಹಕದ ಗುಣ ಕೆಡುತ್ತದೆ. ದ್ರವ ಸಾರಜನಕದ ಚಳಿಯಲ್ಲೇ ಇವೆರಡನ್ನೂ ಕೂಡಿ ಬಾಳಿಸುತ್ತೇನೆಂದು ಹಟ ಹಿಡಿದು ಮೂರು ವರ್ಷ ಕಳೆದಿದ್ದೆ. ಸೊನ್ನೆ ಒಮ್ಮೆಯೂ ಬಂದಿರಲಿಲ್ಲ. ಆ ತಿಂಗಳೂ ಬರದಿದ್ದರೆ ವಿಷಯವನ್ನೇ ಕೈಬಿಡಬೇಕೆಂದು ಗೈಡ್ ಮೇಡಂ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಲ್ಯಾಬಿನಲ್ಲಿ ಸಾರಜನಕ ಮುಗಿಯಿತು. ಮದ್ದೂರಿನಲ್ಲಿರುವ ನನ್ನ ಸೋದರಮಾವನದು ಊರೂರು ಸುತ್ತಿ ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡುವ ಕೆಲಸ. ಹೋರಿಯ ವೀರ್ಯದ ಕಡ್ಡಿಗಳನ್ನು ಅವರು ಕೆಡದಂತೆ ಇಡುವುದೂ ಅದೇ ಸಾರಜನಕದ ಕ್ಯಾನಿನಲ್ಲಿ. ಸೋತು ಸುಣ್ಣವಾಗಿದ್ದ ನಾನು ಮೀಟರು, ತಂತಿ, ಉಗುರಿನಷ್ಟಗಲದ ಒಂದು ತುಣುಕು ಹಿಡಿದು ಅವರ ಮನೆಗೆ ಹೋದೆ.

ಹಾಡಹಗಲು. ಮಾವ ಫ್ಲಾಸ್ಕಿಗೆ ಸ್ವಲ್ಪ ಸುರಿದುಕೊಟ್ಟರು. ತುಣುಕನ್ನು ಮುಳುಗಿಸಿದೆ. ಸೊನ್ನೆ! ತಂತಿ ಬಿಟ್ಟಿರಬೇಕೆಂದು ಮೇಲೆತ್ತಿದೆ, ತಡೆ ವಾಪಸು ಬಂತು. ಮುಳುಗಿಸಿದೆ, ಸೊನ್ನೆ. ತಂತಿಗಳನ್ನೆಲ್ಲ ಬದಲಿಸಿ ನೋಡಿದೆ, ಮತ್ತೂ ಸೊನ್ನೆ.

"ಕೆಟ್ಟೋಯ್ತೇನವ್ವ? ಬರೀ ಸೊನ್ನೆ ತೋರುಸ್ತದಲ್ಲ" ಎಂದರು ಮಾವ.

"ಇಲ್ಲ ಮಾವ, ಇದೇ ಬೇಕಾಗಿದ್ದು!"

"ಅಂಗಾರೆ ಬೇಗ ಮುಗ್ಸು. ಚಿಕ್ಕರಸಿನಕೆರೇಲಿ ಅಸ ಕಾಯ್ತಾ ಅದೆ, ನಾನ್ ಓಯ್ಬೇಕು."

ನಾಲ್ಕನೆಯ ಸಲ ಬರಲಿಲ್ಲ. ಫ್ಲಾಸ್ಕಿನಲ್ಲಿ ಸಾರಜನಕ ಇನ್ನೂ ಅಷ್ಟೇ ತಣ್ಣಗೆ ಕುದಿಯುತ್ತಲೇ ಇತ್ತು. ಮುಳುಗಿಸಿದೆ, ಎತ್ತಿದೆ, ಮುಳುಗಿಸಿದೆ, ಕೊನೆಗೆ ಅತ್ತೂ ಬಿಟ್ಟೆ.

ಮೀಟರಿನ ಫೋಟೋ ಇದೆ. ಆದರೆ ತಂತಿ ಬಿಟ್ಟ ಮೀಟರೂ ಸೊನ್ನೆಯನ್ನೇ ತೋರಿಸೀತು. ಮೇಡಂ ಅದನ್ನು ನೋಡಿ, "ಇನ್ನೊಂದು ಸಲ ತೋರಿಸಮ್ಮ, ನಂಬುತ್ತೇನೆ" ಎಂದರು. ಕೋಪದಿಂದಲ್ಲ, ಕನಿಕರದಿಂದ. ಅದೇ ತುಣುಕನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಅಳೆದೆ. ಕಾಂತದ ಪದರ ನೆಟ್ಟಗೇ ಇತ್ತು, ಸೊನ್ನೆ ಮಾತ್ರ ಬರಲಿಲ್ಲ. ವಿಷಯ ಕೈಬಿಟ್ಟೆ. ಬೇರೆ ವಿಷಯದ ಮೇಲೆ ಬರೆದ ಪ್ರಬಂಧದಲ್ಲಿ ಆ ಮಧ್ಯಾಹ್ನದ ಬಗ್ಗೆ ಒಂದು ಸಾಲೂ ಇಲ್ಲ. ಅದು ಹೇಗೆ ಬಂತು, ಯಾಕೆ ಹೋಯಿತು, ಇಂದಿಗೂ ನನಗೆ ತಿಳಿಯದು.

ಊರಿಗೆ ಹೋದಾಗ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿದಳು.

"ನೀನ್ ಕಂಡಿದ್ದು ದಿಟ ಕಣವ್ವ. ಇನ್ನೊಂದ್ ಸಲ ತೋರ್ಸು ಅಂತ ನಾನ್ ಕೇಳಾಕಿಲ್ಲ, ಬುಡು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದೆ:

"ತಾತ ಯಾವ್ ಕಡೆ ಮುಖ ಮಾಡ್ಕೊಂಡು ಕೂತಿದ್ರಜ್ಜಿ?"