ಗಾರ್ಬಿಸ್ ಉಸ್ತಾ ತೂಗಿ ಕೊಟ್ಟ ಚಾರ್ಜರ್

ಬೈರೂತಿನ ಬುರ್ಜ್ ಹಮ್ಮೂದಿನಲ್ಲಿ ಚಾರ್ಜರ್ ಮಾರುವ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಕೊಳ್ಳಲು ಬಂದವರನ್ನು ಬೈದು ವಾಪಸ್ ಕಳಿಸುವ ಅಂಗಡಿ ಇರುವುದು ಒಂದೇ. ಅದು ಗಾರ್ಬಿಸ್ ಉಸ್ತಾ ಅವರದು. ಕಸುಬು ಬಲ್ಲವರನ್ನು ಇಲ್ಲಿ ಉಸ್ತಾ ಅನ್ನುತ್ತಾರೆ. ಎಪ್ಪತ್ತೊಂದು ವರ್ಷದ ಆರ್ಮೇನಿಯನ್ ಮುದುಕ. ಕನ್ನಡಕ, ಸಿಟ್ಟು ಎರಡೂ ಮೂಗಿನ ತುದಿಯಲ್ಲೇ. ಅಂಗಡಿಗೆ ಬಂದ ಪ್ರತಿ ಚಾರ್ಜರಿನ ಲೇಬಲ್ಲಿಗೂ ಕಪ್ಪು ಟೇಪು ಅಂಟಿಸಿ ಇಡುತ್ತಾರೆ. ಏನು ಬರೆದಿದೆ ಎಂದು ಗಿರಾಕಿ ಕೇಳಿದರೆ, "ನೀನು ಓದಿದ್ರೆ ಕೆಡ್ತೀಯ. ಏನು ಕೆಲಸಕ್ಕೆ ಬೇಕು, ಅದನ್ನ ಹೇಳು" ಎನ್ನುತ್ತಾರೆ.

ಇದನ್ನು ಕೇಳಿ ನಾನೂ ಒಂದು ಕಾಲದಲ್ಲಿ ನಕ್ಕಿದ್ದೆ. ಆಮೇಲೆ ನನ್ನ ತಲೆಯ ಮೇಲೇ ಬಂತು.

ನನ್ನ ಹೆಸರು ರಬಾಬ್. ಕೃತಕ ಕಾಲು ಮಾಡುವುದು ನನ್ನ ಕಸುಬು, ಇಪ್ಪತ್ತಾರು ವರ್ಷವಾಯಿತು. ಮೊದಲೆಲ್ಲ ಮೋಟುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಿದ್ದೆವು. ಈಗ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಂದಿದೆ. ಕಾಲಿನ ಸುತ್ತ ಅದನ್ನು ನಿಧಾನಕ್ಕೆ ಆಡಿಸಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಕಾಲು ಮೂಡುತ್ತದೆ. ಅದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಲದು, ಹುಡುಗರು ದೊಡ್ಡ ದೊಡ್ಡ ಆಟ ಆಡಲು ಕೊಳ್ಳುವಂಥ ಬಲವಾದದ್ದೇ ಬೇಕು. ಅದರ ಜೊತೆಗೆ ಬರುವ ಅಡಾಪ್ಟರ್ ಅಂದರೆ ಸಾಕ್ಷಾತ್ ಇಟ್ಟಿಗೆ. ನಾಯಿಗೆ ಎಸೆದರೆ ನಾಯಿ ಸಾಯುತ್ತದೆ.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಎಕ್ಸ್‌ರೇ ನೋಡಿ, "ಐದು ಕಿಲೋಗಿಂತ ಹೆಚ್ಚು ಹೊತ್ರೆ ಮುಂದಿನ ಸಲ ನಿಮ್ಮನ್ನೇ ಹೊತ್ಕೊಂಡು ಬರ್ಬೇಕಾಗತ್ತೆ" ಎಂದರು. ಹಳ್ಳಿ ಹಳ್ಳಿಗೆ ಹೊತ್ತು ತಿರುಗುವ ನನ್ನ ಚೀಲ ಐದೂವರೆ ದಾಟುತ್ತಿತ್ತು. ಲ್ಯಾಪ್‌ಟಾಪ್ ಬಿಡುವಂತಿಲ್ಲ, ಸ್ಕ್ಯಾನರ್ ಬಿಡುವಂತಿಲ್ಲ. ಕಾಲು ತಯಾರಾಗುವ ನಮ್ಮ ಕಾರ್ಖಾನೆಯ ದೊಡ್ಡವರು, "ಹಾಗಾದ್ರೆ ಹಳ್ಳಿ ಸುತ್ತೋದು ಬಿಟ್ಬಿಡಿ ರಬಾಬ್. ಬೇಕಾದವರು ಬೈರೂತಿಗೇ ಬರ್ಲಿ" ಎಂದುಬಿಟ್ಟರು.

ಬರ್ಲಿ ಅನ್ನುವುದು ಸುಲಭ. ದೂರದ ಹರ್ಮೆಲ್ ಊರಿನಿಂದ ಮೇಲೆ, ಗುಡ್ಡದ ಹಳ್ಳಿಯೊಂದರಲ್ಲಿ ಉಮ್ ಜವಾದ್ ಇದ್ದರು. ಸಾಜ್ ಎಂಬ ಗುಮ್ಮಟದಂಥ ಹೆಂಚಿನ ಮೇಲೆ ರೊಟ್ಟಿ ಸುಟ್ಟು ಮಾರಿ ಬದುಕುವ ಹೆಂಗಸು. ಬಲಗಾಲು ಮಂಡಿಯ ಕೆಳಗಿಲ್ಲ. ಹಳೆಯ ಕೃತಕ ಕಾಲು ಸಡಿಲವಾಗಿ, ಉಜ್ಜಿ ಉಜ್ಜಿ ಹುಣ್ಣಾಗಿ, ಎರಡು ತಿಂಗಳಿಂದ ಅವರು ಒಲೆಯ ಮುಂದೆ ನಿಂತಿರಲಿಲ್ಲ. ನಾಲ್ಕು ಗಂಟೆ ವ್ಯಾನಿನಲ್ಲಿ ಕುಲುಕಿಕೊಂಡು ಅವರು ಬರುವುದು ಆಗದ ಮಾತು. ನಾನೇ ಹೋಗಬೇಕಿತ್ತು. ಹೋಗಬೇಕಾದರೆ ಆ ಇಟ್ಟಿಗೆ ಇಳಿಯಬೇಕಿತ್ತು.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಬೈರೂತಿನವರಲ್ಲದೆ ಬೇರೆ ಯಾರೂ ಇಂಥ ದಡ್ಡತನ ಮಾಡಲಾರರು. ಸರ್ಕಾರದ ಕರೆಂಟು ಇರುವುದೇ ಅಪರೂಪ, ನಮ್ಮ ಮನೆಗಳಿಗೆ ಗಲ್ಲಿಯ ಜನರೇಟರಿನಿಂದ ಐದೇ ಐದು ಆಂಪಿಯರ್ ಬರುತ್ತದೆ. ಫ್ರಿಜ್ಜು ಓಡುವಾಗ ಇಸ್ತ್ರಿಪೆಟ್ಟಿಗೆ ಹಾಕಿದರೆ ಟಪ್ ಅಂತ ಕರೆಂಟು ಬೀಳುತ್ತದೆ. ಯಾರಾದರೂ ನಾಲ್ಕು ಮಹಡಿ ಇಳಿದುಹೋಗಿ ಸ್ವಿಚ್ಚು ಎತ್ತಬೇಕು. ಹೀಗಾಗಿ ಇಲ್ಲಿನ ಹೆಂಗಸರು ಹೊಸ ಸಾಮಾನು ಕಂಡ ಕೂಡಲೇ ಎಷ್ಟು ಆಂಪಿಯರ್ ತಿನ್ನುತ್ತದೆ ಎಂದು ಹುಡುಕುತ್ತಾರೆ, ಬೆಲೆ ನೋಡುವುದು ಆಮೇಲೆ. ಬಸ್ ನಿಲ್ದಾಣದ ಹತ್ತಿರ ಎರಡು ಪುಟ್ಟ ಚಾರ್ಜರ್ ಕಂಡವು. ಒಂದರ ಮೇಲೆ ಐದು ಆಂಪಿಯರ್ ಎಂದಿತ್ತು, ಇನ್ನೊಂದರ ಮೇಲೆ ಎರಡೂಕಾಲು. ಅಯ್ಯೋ, ಐದು ಅಂದರೆ ಉಮ್ ಜವಾದ್ ಮನೆಯ ಕರೆಂಟನ್ನೆಲ್ಲ ಇದೊಂದೇ ನುಂಗುತ್ತದಲ್ಲ ಎಂದು ಎರಡೂಕಾಲಿನದನ್ನು ತೆಗೆದುಕೊಂಡೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬಲು ಜಾಣೆ ನಾನು ಅಂದುಕೊಂಡು ವ್ಯಾನು ಹತ್ತಿದೆ.

ಹರ್ಮೆಲ್‌ನಲ್ಲಿ ಇಬ್ಬರ ಕಾಲು ಸ್ಕ್ಯಾನ್ ಮಾಡಿ ಮೂರನೆಯದಾಗಿ ಉಮ್ ಜವಾದ್ ಮನೆಗೆ ಹೋದೆ. ಅವರು ಕಿಟಕಿಯ ಕಂಬಿ ಹಿಡಿದು ಒಂಟಿಕಾಲಲ್ಲಿ ನಿಂತರು. ಬ್ಯಾಟರಿ ತಳ ಮುಟ್ಟಿತ್ತು, ಆದರೆ ಚಾರ್ಜರ್ ಗೋಡೆಯಲ್ಲಿತ್ತು, ಕರೆಂಟೂ ಇತ್ತು. ಆದರೂ ಮೂರನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಮೂರನೇ ಸಲ ನಿಲ್ಲುವಾಗ ಅವರ ತೊಡೆ ಗಡಗಡ ನಡುಗುತ್ತಿತ್ತು.

"ಇರ್ಲಿ ಡಾಕ್ಟ್ರಮ್ಮ" ಎಂದರು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ಡಾಕ್ಟ್ರಮ್ಮನೇ. "ನಿಮ್ ಮಿಷನ್ನಿಗೂ ಸುಸ್ತಾಗಿದೆ ಪಾಪ. ಕೂತ್ಕೊಳಿ, ಕಾಫಿ ಕುಡೀರಿ."

ಅವರು ಕೊಟ್ಟ ಕಾಫಿ ಕುಡಿದೆ. ಬರಿಗೈಲಿ ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಗಾರ್ಬಿಸ್ ಉಸ್ತಾ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದೆ. ಹಳೆಯ ಇಟ್ಟಿಗೆ, ಹೊಸ ಚಾರ್ಜರ್ ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಎರಡೂಕಾಲಿನದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದು ಆಫೀಸಲ್ಲಿ ಕಾಗದ ಟೈಪ್ ಮಾಡೋರ ಚಾರ್ಜರು ಕಣಮ್ಮ. ನಿನ್ನ ಆನೆಗೆ ಇದು ಒಂದು ಹಿಡಿ ಹುಲ್ಲು. ಇದನ್ಯಾಕೆ ತಗೊಂಡೆ?"

"ಇನ್ನೊಂದರ ಮೇಲೆ ಐದು ಅಂತ ಬರ್ದಿತ್ತು ಉಸ್ತಾ. ಹೆದ್ರಿಕೆ ಆಯ್ತು."

"ಆಹಾ! ಆ ಐದು, ಅದು ಲ್ಯಾಪ್‌ಟಾಪಿಗೆ ಕೊಡೋದು. ಗೋಡೆಯಿಂದ ತಗೊಳೋದು ಅರ್ಧ ಆಂಪಿಯರ್. ನಿಮ್ಮನೆ ಟಿವಿಗಿಂತ ಚೂರು ಹೆಚ್ಚು, ಅಷ್ಟೇ. ಅದಿರ್ಲಿ, ನಿನ್ನ ಹಳೇ ಇಟ್ಟಿಗೆ ಮೇಲೆ ಹತ್ತಿರ ಹತ್ತಿರ ಹನ್ನೆರಡು ಅಂತಿದೆ. ಅದಕ್ಯಾಕೆ ಹೆದರ್ಲಿಲ್ಲ?"

"ಅದು ಜೊತೇಲೇ ಬಂದಿದ್ದಲ್ವಾ..."

"ಗಂಡನ ಜೊತೆ ಅತ್ತೆ ಬಂದ ಹಾಗೆ. ಪ್ರಶ್ನೆ ಕೇಳೋ ಹಾಗೇ ಇಲ್ಲ!"

ನಾಚಿಕೆಯಾದರೂ ನಕ್ಕುಬಿಟ್ಟೆ. ಅವರು ನಗಲಿಲ್ಲ. ಸ್ಟೂಲು ಎಳೆದು ಕೂತು, ಲ್ಯಾಪ್‌ಟಾಪಿನ ವಿಷಯ ಬಿಟ್ಟು ನನ್ನ ಕೆಲಸದ ವಿಷಯ ಕೇಳತೊಡಗಿದರು. ಒಂದು ಕಾಲಿಗೆ ಎಷ್ಟು ಹೊತ್ತು? ಆರು ನಿಮಿಷ. ಅದಕ್ಕೆ ಮೊದಲು? ಟೇಪು ಹಿಡಿದು ಅಳೆಯುತ್ತೇನೆ, ಹುಣ್ಣು ನೋಡುತ್ತೇನೆ. ಆಮೇಲೆ? ಕಾಫಿ. ಕಾಫಿಗೆ ಎಷ್ಟು ಹೊತ್ತು?

"ಹರ್ಮೆಲ್ ಕಡೆಯವರು ಉಸ್ತಾ. ಅರ್ಧ ಗಂಟೆಗಿಂತ ಮೊದಲು ಏಳೋಕೆ ಬಿಡ್ತಾರಾ?"

"ಸರಿ ಹಾಗಾದ್ರೆ. ನಿನಗೆ ಇಟ್ಟಿಗೆ ಬೇಡ. ಆರು ನಿಮಿಷ ಆನೆ ಹೊಟ್ಟೇಲಿರೋದನ್ನ ತಿನ್ಲಿ, ಅರ್ಧ ಗಂಟೆ ಮತ್ತೆ ತುಂಬಿಸ್ಕೊಳ್ಲಿ. ನೀನು ಹೆದರಿದ ಆ ಐದರದು, ಅಂದ್ರೆ ನೂರು ವಾಟಿಂದು, ಸಾಕು. ಇಟ್ಟಿಗೆ ಕಾರ್ಖಾನೇಲೇ ಇರ್ಲಿ, ಅಲ್ಲಿ ದಿನವಿಡೀ ಪರದೆ ಮೇಲೆ ಕಾಲು ತಿದ್ದೋದಕ್ಕೆ ಅದೇ ಬೇಕು."

ಕಪ್ಪು ಟೇಪಿನ ಚಾರ್ಜರೊಂದನ್ನು ತೆಗೆದು ತಕ್ಕಡಿಗೆ ಹಾಕಿದರು. ಅವರ ತಂದೆ ಬಸ್ತುರ್ಮಾ ಎಂಬ ಮಸಾಲೆ ಹಚ್ಚಿದ ಒಣಮಾಂಸ ತೂಗುತ್ತಿದ್ದ ಹಿತ್ತಾಳೆ ತಕ್ಕಡಿ ಅದು. ವೈರು ಸಮೇತ ಇಟ್ಟಿಗೆ ಒಂದು ಕಿಲೋ ನೂರಿಪ್ಪತ್ತು ಗ್ರಾಂ ಬಂತು. ಹೊಸದು ಕೇಬಲ್ ಸೇರಿ ಮುನ್ನೂರು ಗ್ರಾಂ ಮುಟ್ಟಲಿಲ್ಲ. ನಾನು ಖುಷಿಯಿಂದ ನನ್ನ ಫೋನಿನ ತೆಳ್ಳಗಿನ ಕೇಬಲ್ ಮುಂದೆ ಮಾಡಿ, ಇದನ್ನೇ ಹಾಕಿದರೆ ಇನ್ನೂ ಹಗುರ ಎಂದೆ. ಅವರು ಅದನ್ನು ಕಸದ ಬುಟ್ಟಿಗೆ ಎಸೆದರು. ಎದ್ದು ಎತ್ತಿಕೊಂಡೆ.

"ಈ ಎಳೆ ನೂರು ವಾಟು ತಡೆಯಲ್ಲ. ದಪ್ಪದ್ದೇ ಹಾಕು" ಎಂದವರು, "ಈಗ ಮಿಷನ್ ತೆಗಿ, ಕೆಲಸ ಶುರು ಮಾಡು. ನೋಡದೆ ನಾನು ಮಾರಲ್ಲ" ಎಂದರು.

"ಸ್ಕ್ಯಾನ್ ಮಾಡೋಕೆ ಕಾಲು ಬೇಕಲ್ಲ ಉಸ್ತಾ?"

ಅವರು ಪ್ಯಾಂಟು ಮಂಡಿಗೆ ಮಡಚಿ, ಕಾಲನ್ನು ಸ್ಟೂಲಿನ ಮೇಲಿಟ್ಟರು. ನಾನು ಸ್ಕ್ಯಾನರ್ ಆಡಿಸುತ್ತಿದ್ದೆ. ಅಷ್ಟರಲ್ಲಿ ಮೇಲಿನ ಮನೆಯಿಂದ ಅವರ ಅಕ್ಕ ಅರ್ಶಾಲುಯ್ಸ್ ಕಾಫಿ ಹಿಡಿದು ಇಳಿದು ಬಂದರು.

"ಥೂ! ಈ ವಯಸ್ಸಲ್ಲಿ ಹೆಂಗಸರಿಗೆ ಕಾಲು ತೋರಿಸ್ತಾ ಕೂತಿದೀಯಲ್ಲೋ!"

"ನೀನು ಸುಮ್ನಿರಕ್ಕ. ವ್ಯಾಪಾರ ನಡೀತಿದೆ."

ನಾನು ನಕ್ಕು ಸ್ಕ್ಯಾನರ್ ಅಲುಗಿಸಿದೆ. ಅದೇ ಹೊತ್ತಿಗೆ ಉಸ್ತಾ ಕೈ ಚಾಚಿ ಗೋಡೆಯಿಂದ ಚಾರ್ಜರನ್ನು ಕಿತ್ತರು.

"ಅಯ್ಯೋ! ಏನ್ ಮಾಡ್ತಿದೀರಿ?"

"ಕರೆಂಟ್ ಹೋಯ್ತು. ನಾನಲ್ಲ ತೆಗೆದಿದ್ದು, ಈ ದೇಶ ತೆಗೆದಿದ್ದು. ನೀನು ಮುಂದುವರಿಸು."

ಪರದೆ ಸ್ವಲ್ಪ ಮಂಕಾಯಿತು, ಕಾಲು ಮೂಡುವುದು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಉಸ್ತಾ ಅವರ ಉಬ್ಬಿದ ನರಗಳ ಕಾಲು ಹಿಮ್ಮಡಿಯವರೆಗೂ ಪೂರ್ತಿ ಬಂತು. ಅವರು ಪರದೆಯ ಹತ್ತಿರ ಬಾಗಿ ತಮ್ಮ ಕಾಲನ್ನು ತಾವೇ ನೋಡಿಕೊಂಡು, "ಇಷ್ಟು ಕೆಟ್ಟದಾಗಿದೆಯಾ?" ಎಂದು ಮೊದಲ ಸಲ ನಕ್ಕರು. ಮತ್ತೆ ಗಂಭೀರವಾಗಿ ಹೇಳಿದರು: "ನೋಡಮ್ಮ, ಯಾರದೇ ಮನೆಗೆ ಹೋದ್ರೂ ಚೀಲ ಕೆಳಗಿಡೋಕೂ ಮುಂಚೆ ಇದನ್ನ ಗೋಡೆಗೆ ಹಾಕು. ಹೊಟ್ಟೆ ತುಂಬಿಸಿ ಕೆಲಸಕ್ಕಿಳಿಸು. ನಿಂತಿರೋದು ಆಕೆ, ನೀನಲ್ಲ. ನೆನಪಿರ್ಲಿ."

ಈ ಕೊನೆಯ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎಷ್ಟು ಗ್ರಾಂ, ಎಷ್ಟು ಆಂಪಿಯರ್ ಎಂದು ನಾನು ನನ್ನ ಬೆನ್ನಿನ ಲೆಕ್ಕದಲ್ಲೇ ಮುಳುಗಿದ್ದೆ. ಈ ಮನುಷ್ಯ ಕಂಡೇ ಇರದ ಒಬ್ಬ ಹೆಂಗಸಿನ ನಡುಗುವ ತೊಡೆಯ ಲೆಕ್ಕ ಹಾಕಿದ್ದರು.

ಮುಂದಿನ ವಾರ ಮತ್ತೆ ಗುಡ್ಡ ಹತ್ತಿದೆ. ಚೀಲ ಐದು ಕಿಲೋ ಒಳಗಿತ್ತು, ಬೆನ್ನು ಗೊಣಗಿದರೂ ಕಚ್ಚಲಿಲ್ಲ. ಉಮ್ ಜವಾದ್ ಮನೆಯಲ್ಲಿ ಸಲಾಮಿಗೂ ಮೊದಲು ಚಾರ್ಜರ್ ಹಾಕಿದೆ. ಅಳತೆ, ಹುಣ್ಣಿಗೆ ಮುಲಾಮು, ಎರಡು ಸುತ್ತು ಕಾಫಿ, ಸೊಸೆಯ ಮೇಲಿನ ದೂರು, ಎಲ್ಲ ಮುಗಿಯುವ ಹೊತ್ತಿಗೆ ಬ್ಯಾಟರಿ ತುಂಬಿತ್ತು. ಅವರು ಕಂಬಿ ಹಿಡಿದು ನಿಂತರು. ನಾನು ಶುರು ಮಾಡಿದೆ. ನಾಲ್ಕನೇ ನಿಮಿಷಕ್ಕೆ ಸರಿಯಾಗಿ ಕರೆಂಟು ಹೋಯಿತು.

ಉಮ್ ಜವಾದ್ ಕಣ್ಣುಮುಚ್ಚಿ, "ಯಾ ರಬ್ಬಿ, ದೇವರೇ, ಮತ್ತೆ ಬೇಡಪ್ಪ" ಎಂದರು. ನಾನು ಕೈ ನಿಲ್ಲಿಸಲಿಲ್ಲ. ಮಂಡಿಯ ಹಿಂಬದಿ, ಮೀನಖಂಡದ ಉಳಿಕೆ, ಹೊಲಿಗೆಯ ಗೆರೆ, ಎಲ್ಲ ಒಂದೊಂದಾಗಿ ಪರದೆಗೆ ಬಂದವು. ಆಯಿತು.

"ಕೂತ್ಕೊಳಿ ಅಮ್ಮ" ಎಂದೆ.

"ಇಷ್ಟೇನಾ? ಒಂದೇ ಸಲಕ್ಕೇ?"

ಅಂಗಳಕ್ಕೆ ಬಂದು ಉಸ್ತಾಗೆ ಫೋನ್ ಮಾಡಿದೆ.

"ಉಸ್ತಾ, ನಡುವೆ ಕರೆಂಟ್ ಹೋಯ್ತು."

"ಆಮೇಲೆ?"

"ಸ್ಕ್ಯಾನ್ ಆಯ್ತು. ನಿಮ್ಮ ಕೈಗೆ ಮುತ್ತು ಕೊಡ್ಬೇಕು ಅನ್ನಿಸ್ತಿದೆ."

"ಕೆಲಸ ಆಯ್ತಲ್ಲ, ಮತ್ಯಾಕೆ ಫೋನು? ಕೆಟ್ರೆ ಮಾತ್ರ ಫೋನ್ ಮಾಡು" ಎಂದು ಇಟ್ಟುಬಿಟ್ಟರು. ನನ್ನ ಕೃತಜ್ಞತೆಯನ್ನು ತೆಗೆದುಕೊಳ್ಳಲು ಈ ಮನುಷ್ಯನಿಗೆ ಪುರುಸೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಇನ್ನೂ ಹಳ್ಳಿ ಸುತ್ತುತ್ತಿದ್ದೇನೆ ಅಂದರೆ ಅದು ಅವರಿಂದ.

ಮೂರು ವಾರದ ಮೇಲೆ ಹೊಸ ಕಾಲು ಒಯ್ದು ಉಮ್ ಜವಾದ್‌ಗೆ ತೊಡಿಸಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ ಇಟ್ಟು, "ಎಲ್ಲೂ ಚುಚ್ತಾ ಇಲ್ಲ" ಎಂದರು. ನಡೆಸಿ ನೋಡಲು ನಾನಿನ್ನೂ ಟೇಪು, ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವರು ನೇರ ಒಲೆಯ ಬಳಿ ಹೋದರು, ಸೌದೆಗೆ ಬೆಂಕಿ ಹಚ್ಚಿದರು, ಹಿಟ್ಟಿನ ಉಂಡೆಯೊಂದನ್ನು ಕೈಯಿಂದ ಕೈಗೆ ಬೀಸಿ ಹಿಗ್ಗಿಸಿ ಸಾಜ್ ಮೇಲೆ ಹರಡಿದರು. ಒಂದಾಯಿತು, ಎರಡಾಯಿತು, ಹತ್ತಾಯಿತು. ಗೋಡೆಯಾಚೆಯ ಹೆಂಗಸೊಬ್ಬಳು ರೊಟ್ಟಿ ಸಿಗುತ್ತಾ ಎಂದು ಕೂಗಿದಳು, ಇವರು ಸಿಗುತ್ತೆ ಬಾ ಎಂದು ಕೂಗಿದರು. ನಾನು ಬಾಗಿಲಲ್ಲಿದ್ದೇನೆ ಎಂಬುದು ಅವರಿಗೆ ಮರೆತೇ ಹೋಗಿತ್ತು.